ಹಿಡಿದುಕೊಂಡ ಭುಜ

ಫೆಬ್ರವರಿ 6

ನೋವನ್ನು ಬರೆದಿಡಿ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಯಾವಾಗ ಬರುತ್ತದೆ, ಏನು ಮಾಡುವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಬಲ ಭುಜ. ಕೋಟಿನ ತೋಳಿಗೆ ಕೈ ತೂರಿಸುವಾಗ. ಮೇಲಿನ ಕಪಾಟಿನಿಂದ ಡಬ್ಬ ಇಳಿಸುವಾಗ. ಬೆನ್ನ ಹಿಂದಿನ ಹುಕ್ಕು ಹಾಕುವಾಗ. ನಿದ್ದೆಯಲ್ಲಿ ಬಲ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ. "ನೋಡಿ, ನಿಮಗೇ ಗೊತ್ತಾಗುತ್ತಲ್ಲ," ಎಂದು ಡಾಕ್ಟರು ಚಿತ್ರವನ್ನು ನನ್ನ ಕಡೆ ತಿರುಗಿಸಿದರು. ಗೊತ್ತಾಯಿತು. ಅದೇ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ನನ್ನ ಇಡೀ ನೌಕರಿ ಕಳೆದಿದೆ. ಕೀಲು ಚೊಕ್ಕವಾಗಿದೆ, ಈ ವಯಸ್ಸಿಗೆ ಬೇಕಾದ್ದಕ್ಕಿಂತ ಚೊಕ್ಕವಾಗಿದೆ. ಚಿತ್ರದಲ್ಲಿ ಕಾಣದ ನೋವನ್ನು ನಾನು ಯಾವತ್ತೂ ಅರೆಮನಸ್ಸಿನಿಂದಲೇ ನಂಬಿದವಳು. ಈಗ ಅಂಥದ್ದೇ ಬಂದಿದೆ.

"ಭುಜ ಹಿಡ್ಕೊಂಡಿದೆ ಅಷ್ಟೆ," ಎಂದರು. "ಕೀಲಿನ ಸುತ್ತ ಇರೋ ಚೀಲ ಬಿಗಿಯಾಗಿದೆ."

"ಬಿಡೋದು ಯಾವಾಗ?"

"ಅದಕ್ಕೆ ಮನಸ್ಸು ಬಂದಾಗ."

ಫೆಬ್ರವರಿ 11

ಜಡೆ ಹಾಕಿಕೊಳ್ಳಲು ಆಗಲಿಲ್ಲ. ಕೈ ಕಿವಿಯ ಹತ್ತಿರ ಬಂದು ನಿಲ್ಲುತ್ತದೆ. ಎಡಗೈಯಲ್ಲೇ ಸುತ್ತಿ ಕ್ಲಿಪ್ಪು ಸಿಕ್ಕಿಸಿದೆ. ಮಧ್ಯಾಹ್ನದೊಳಗೆ ಬಿಚ್ಚಿಕೊಂಡಿತು.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬಾ ಇಲ್ಲಿ ಪುಟ್ಟಿ, ನಾನು ಬಾಚ್ತೀನಿ."

"ಬೇಡ."

"ಬಾಚಣಿಗೆ ಏನು ಕಚ್ಚುತ್ತಾ?"

"ಬೇಡ ಅಂದೆನಲ್ಲ ಅತ್ತಿಗೆ."

ಅರವತ್ತೆಂಟು ವರ್ಷದವಳನ್ನು ಪುಟ್ಟಿ ಎನ್ನುವವರು ಈಗ ಇವರೊಬ್ಬರೇ. ಅಣ್ಣನ ಹೆಂಡತಿಯಾಗಿ ಈ ಮನೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಂದು ಹಿಡಿದ ಹೆಸರನ್ನು ಬಿಟ್ಟಿಲ್ಲ. ಅಣ್ಣ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆ ಅವರದು, ಹಿಂದಿನದು ನನ್ನದು. ಅಡುಗೆಮನೆಯಲ್ಲಿ ಅವರಿಗೊಂದು ಒಲೆ, ನನಗೊಂದು. ಜಗಳವಿಲ್ಲ. ಜಗಳಕ್ಕೂ ಒಂದಿಷ್ಟು ಸಲಿಗೆ ಬೇಕು.

ಫೆಬ್ರವರಿ 13

ಸಲೂನಿಗೆ ಹೋಗಿ, ಕೂದಲು ಕತ್ತರಿಸಿಬಿಡಿ ಎಂದೆ.

"ಎಲ್ಲಿವರೆಗೆ?"

"ಎಡಗೈಯಲ್ಲಿ ಬಾಚೋಕೆ ಆಗೋವರೆಗೆ."

ಕತ್ತರಿಸಿದ ಜಡೆಯನ್ನು ಸಲೂನಿನವಳು ಕಾಗದದಲ್ಲಿ ಸುತ್ತಿಕೊಡಲು ಬಂದಳು. ಮನೆಗೆ ತಂದು ಏನು ಮಾಡಲಿ? ಅಲ್ಲೇ ಬಿಟ್ಟು ಬಂದೆ. ಅತ್ತಿಗೆ ನನ್ನ ತಲೆ ನೋಡಿ, ಕೈಯಲ್ಲಿದ್ದ ಬಾಚಣಿಗೆಯನ್ನು ಒಳಗಿಟ್ಟರು.

ಫೆಬ್ರವರಿ 20

ಡಾಕ್ಟರು ಕಳಿಸಿದ ಫಿಸಿಯೊ ಬಳಿಗೆ ಹೋಗಿದ್ದೆ. ಸೈಕಲ್ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಎರಡು ಎತ್ತರದ ಹಾಸಿಗೆಗಳು, ನಡುವೆ ಪರದೆ, ಗೋಡೆಗೆ ಒರಗಿಸಿಟ್ಟ ಚಾಪೆಗಳು. ಕೆಳಗಿನಿಂದ ಟೈರಿಗೆ ಗಾಳಿ ತುಂಬುವ ಸದ್ದು ಬರುತ್ತಿತ್ತು. ಆಕೆಗೆ ನಲವತ್ತರ ಆಸುಪಾಸು. ಅಂಗೈ ತಣ್ಣಗಿದೆ. ಮುಟ್ಟುವ ಮೊದಲು ಬಿಸಿನೀರಿನ ಚೀಲವನ್ನು ಹಿಡಿದುಕೊಂಡು, "ಕ್ಷಮಿಸಿ, ಹುಟ್ಟಿನಿಂದ ಹೀಗೇ," ಎನ್ನುತ್ತಾಳೆ.

ಮಲಗಿಸಿದಳು. "ಕೈ ಕೊಡಿ."

ಕೊಟ್ಟೆ.

"ಕೊಟ್ಟಿಲ್ಲ ನೀವು."

"ನಿಮ್ಮ ಕೈಯಲ್ಲೇ ಇದೆಯಲ್ಲ?"

"ನನ್ನ ಕೈಯಲ್ಲಿದೆ, ಆದ್ರೆ ಹೊತ್ಕೊಂಡಿರೋರು ನೀವೇ. ನೋಡಿ." ಬಿಟ್ಟಳು. ನನ್ನ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು, ಬಸ್ಸಿಗೆ ಅಡ್ಡ ಹಿಡಿದ ಹಾಗೆ. "ಭಾರ ಬಿಡಿ. ಉಸಿರೂ ಬಿಡಿ. ಯಾಕೆ ಉಸಿರು ಹಿಡೀತೀರಿ?"

ಜೀವಮಾನವಿಡೀ ಬಂದವರಿಗೆಲ್ಲ ಉಸಿರು ಹಿಡೀರಿ ಎಂದು ಹೇಳಿದವಳು ನಾನು.

ಬೆನ್ನಿನ ಮೇಲ್ಭಾಗ, ಕುತ್ತಿಗೆ, ಕಂಕುಳ ಹಿಂದಿನ ಮಾಂಸ, ಎಲ್ಲವನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದಳು. ಪ್ರತಿ ಸಲ ಬೆರಳು ತಾಕಿದಾಗಲೂ ಮೈ ಹಿಂದಕ್ಕೆ ಸರಿಯುತ್ತಿತ್ತು. ನಾನು ಸರಿಸುತ್ತಿರಲಿಲ್ಲ, ಅದಾಗಿಯೇ ಸರಿಯುತ್ತಿತ್ತು. ಇದಕ್ಕೆ ಮೊದಲು ಈ ಭುಜವನ್ನು ಮುಟ್ಟಿದವರು ಯಾರೆಂದು ಯೋಚಿಸಿದೆ. ದರ್ಜಿ. ಬಸ್ಸಿನಲ್ಲಿ ಅಪರಿಚಿತರು.

ಮಾರ್ಚ್ 2

ಅಣ್ಣನ ಮಗ ಫೋನ್ ಮಾಡಿದ್ದ. ಅವನದು ಬೇರೆ ಊರಿನಲ್ಲಿ ಡ್ರೈವಿಂಗ್ ಸ್ಕೂಲು. ಮನೆಯ ಕೆಳಗೆ ತಾಯಿಗೆಂದು ಒಂದು ಕೋಣೆ ಕಟ್ಟಿಸುತ್ತಿದ್ದಾನೆ.

"ಜುಲೈ ಹೊತ್ತಿಗೆ ಮುಗಿಯುತ್ತೆ ಅತ್ತೆ. ಅಮ್ಮನ್ನ ಕರ್ಕೊಂಡು ಬಂದುಬಿಡ್ತೀನಿ. ಎಪ್ಪತ್ತೈದಾಯ್ತು. ಎಲ್ಲಾದ್ರೂ ಬಿದ್ರೆ ಎತ್ತೋರು ಬೇಕಲ್ಲ. ನೀವೂ ಎಷ್ಟು ದಿನ ಅಂತ ನೋಡ್ಕೋತೀರಿ?"

ನಾನು ನೋಡಿಕೊಳ್ಳುತ್ತಿಲ್ಲ, ಒಂದೇ ಮನೆಯಲ್ಲಿದ್ದೇನೆ ಅಷ್ಟೆ ಎಂಬ ಮಾತು ಬಾಯಿವರೆಗೆ ಬಂದಿತ್ತು. "ಒಳ್ಳೇದು. ಹಾಗೇ ಮಾಡು," ಎಂದೆ.

ಮುಂದಿನ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ. ಅತ್ತಿಗೆ ಅಂಗಡಿಗೆ ಹೋಗಿದ್ದಾಗ ಟೇಪು ಹಿಡಿದು ಅಳೆದೆ. ಕಿಟಕಿಯ ಕೆಳಗೆ ಮೇಜು, ಆಚೆ ಗೋಡೆಗೆ ಪುಸ್ತಕದ ಕಪಾಟು. ಬಡಗಿಗೆ ಹೇಳಿಟ್ಟಿದ್ದೇನೆ. ಅಳೆಯುವಾಗ ಟೇಪಿನ ತುದಿಯನ್ನು ಮೇಲೆ ಹಿಡಿಯಲು ಆಗಲಿಲ್ಲ. ಎತ್ತರ ಅಂದಾಜು.

ಮಾರ್ಚ್ 17

ಭುಜ ಸ್ವಲ್ಪ ಬಿಡುತ್ತಿದೆ. ಈಗ ಹಾಸಿಗೆಯ ಮೇಲೆ ಆಕೆ ಬಿಟ್ಟರೆ ಕೈ ಕೆಳಗೆ ಬೀಳುತ್ತದೆ. ಮೊದಲ ಸಲ ಬಿದ್ದಾಗ ಆಕೆ ಚಪ್ಪಾಳೆ ತಟ್ಟಿದಳು. ಕೈ ಬೀಳಿಸಿದ್ದಕ್ಕೆ ಚಪ್ಪಾಳೆ ಗಿಟ್ಟಿಸಿದವಳು ನಾನೊಬ್ಬಳೇ ಇರಬೇಕು.

ಮನೆಯಲ್ಲಿ ಮಾಡುವ ವ್ಯಾಯಾಮಕ್ಕೆ ಇನ್ನೊಬ್ಬರು ಕೈ ಹಿಡಿದುಕೊಳ್ಳಬೇಕಂತೆ. "ಮನೇಲಿ ಯಾರಿದಾರೆ?" ಎಂದಳು. ಯಾರೂ ಇಲ್ಲ ಎಂದೆ. ಹಾಗಾದರೆ ಬಾಗಿಲ ಮೇಲೆ ಟವೆಲ್ ಹಾಕಿ, ಒಂದು ತುದಿಯನ್ನು ಎಡಗೈಯಿಂದ ಎಳೆದರೆ ಬಲಗೈ ತಾನಾಗಿ ಏಳುತ್ತದೆ ಎಂದು ತೋರಿಸಿದಳು.

ಸಂಜೆ ಟವೆಲ್ ಎಳೆಯುತ್ತಿದ್ದಾಗ ಅತ್ತಿಗೆ ಟೀ ಲೋಟ ಹಿಡಿದು ಬಂದು ನಿಂತರು.

"ಬಾಗಿಲಿಗೂ ನಿನಗೂ ಏನೇ ಜಗಳ?"

"ವ್ಯಾಯಾಮ."

"ಯಾರು ಗೆಲ್ತಿದಾರೆ?"

ಬಾಗಿಲೇ ಗೆಲ್ಲುತ್ತಿತ್ತು.

ಮಾರ್ಚ್ 29

ಫಿಸಿಯೊಗೆ ಇಂದು ಉತ್ಸಾಹ ಜಾಸ್ತಿಯಾಗಿತ್ತು. "ಚೆನ್ನಾಗಿ ಬಿಡ್ತಾ ಇದೆ, ಇನ್ನೊಂಚೂರು, ಇನ್ನೊಂದೇ ಚೂರು," ಎಂದು ಎತ್ತಿದಳು. ಒಳಗೆ ಏನೋ ಹರಿದ ಹಾಗಾಯಿತು. ನಾನು ಕೂಗಿಕೊಂಡೆ ಎಂದು ಕಾಣುತ್ತದೆ. ಪರದೆಯ ಆಚೆ ಮಲಗಿದ್ದವರು ಎದ್ದು ಕೂತರು.

ಮಾರ್ಚ್ 31

ಬರೆಯಲು ಆಗುತ್ತಿಲ್ಲ.

ಏಪ್ರಿಲ್ 5

ಮೊದಲಿಗಿಂತ ಕೆಟ್ಟಿದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ಓಡಾಡುತ್ತಿದ್ದೇನೆ. ಡಾಕ್ಟರು ನೋಡಿ, ಏನೂ ಹರಿದಿಲ್ಲ, ಉರಿಯೂತ ಹೆಚ್ಚಿದೆ, ಎಳೆದಿದ್ದು ಜಾಸ್ತಿಯಾಯಿತು ಎಂದರು. ಇನ್ನು ಅಲ್ಲಿಗೆ ಹೋಗುವುದಿಲ್ಲ.

ಮಧ್ಯಾಹ್ನ ಅತ್ತಿಗೆ ಕೋಣೆಗೆ ಬಂದು, ಕೇಳದೆಯೇ ಮಂಚದ ಅಂಚಿನಲ್ಲಿ ಕೂತರು.

"ಕೊಡು ಕೈ."

"ನಿಮಗೇನು ಗೊತ್ತು ಅತ್ತಿಗೆ?"

"ಏನೂ ಗೊತ್ತಿಲ್ಲ. ಅದಕ್ಕೇ ಮೆಲ್ಲಗೆ ಮಾಡ್ತೀನಿ."

ವಾದ ಮಾಡುವ ಶಕ್ತಿ ಇರಲಿಲ್ಲ. ಕೊಟ್ಟೆ. ಅವರು ಎಳೆಯಲಿಲ್ಲ, ಒತ್ತಲಿಲ್ಲ. ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಭುಜದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತರು. ಅಂಗೈ ಬಿಸಿಯಾಗಿತ್ತು. ಏನಾಗುತ್ತದೆಂದು ಕಾದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ನೆಲ ಬಿಟ್ಟು ಗೋಡೆ ಏರಿತ್ತು. ಅವರು ಕೂತೇ ಇದ್ದರು.

"ನನ್ನ ಕಾಲು ಜೋಮು ಹಿಡಿದಿದೆ ಪುಟ್ಟಿ," ಎಂದರು. "ಈಗ ಏಳಲಾ?"

ಏಪ್ರಿಲ್ 14

ಅತ್ತಿಗೆ ದಿನವೂ ಮಧ್ಯಾಹ್ನ ಬರುತ್ತಾರೆ. ಮೊದಲು ಬಿಸಿನೀರಿನ ಬಟ್ಟೆ, ಆಮೇಲೆ ಎಣ್ಣೆ, ಆಮೇಲೆ ಕೈಯನ್ನು ನೋವು ಬರುವ ತನಕ ಅಲ್ಲ, ಬರಬಹುದು ಎನಿಸುವ ತನಕ ಎತ್ತುವುದು. ವ್ಯಾಯಾಮ ಹೇಳಿಕೊಟ್ಟವಳು ನಾನೇ. ಮಾಡುವಾಗ ಅವರು ಸುಮ್ಮನಿರುವುದಿಲ್ಲ. ಸಿನಿಮಾ ಕಥೆ ಹೇಳುತ್ತಾರೆ.

ಅವರು ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡಿದವರು. ಕೌಂಟರು ಮುಚ್ಚಿ, ಹಣ ಒಪ್ಪಿಸಿ, ಒಳಗೆ ಹೋಗಿ ನಿಲ್ಲುವ ಹೊತ್ತಿಗೆ ಮಧ್ಯಂತರ. ಹಾಗಾಗಿ ಅವರಿಗೆ ಎಲ್ಲ ಕಥೆಗಳ ಉತ್ತರಾರ್ಧ ಮಾತ್ರ ಗೊತ್ತು. ಖಳನಾಯಕ ಯಾಕೆ ಅಷ್ಟು ಕೆಟ್ಟವನಾದ ಎಂದು ಕೇಳಿದರೆ, "ಅದೆಲ್ಲ ನಾನು ಟಿಕೆಟ್ ಹರೀತಿದ್ದಾಗ ಆಗಿಹೋಗಿರುತ್ತೆ," ಎನ್ನುತ್ತಾರೆ. ಹೊಡೆದಾಟದ ದೃಶ್ಯ ಬಂದರೆ ತಾವು ಹಿಡಿದಿರುವುದು ನನ್ನ ಕೈ ಎಂಬುದನ್ನೇ ಮರೆಯುತ್ತಾರೆ. "ಅತ್ತಿಗೆ, ಕೈ!" ಎಂದು ನೆನಪಿಸಬೇಕು.

ಇಂದಿನ ಕಥೆಯಲ್ಲಿ ನಾಯಕಿ ಯಾರನ್ನು ಹುಡುಕಿಕೊಂಡು ರೈಲು ಹತ್ತಿದಳೆಂದು ಗೊತ್ತಾಗಲಿಲ್ಲ. ನಾಳೆ ಕೇಳಬೇಕು.

ಏಪ್ರಿಲ್ 27

ಫಿಸಿಯೊ ಮನೆಗೇ ಬಂದಿದ್ದಳು. ಹೊಸ್ತಿಲಲ್ಲಿ ನಿಂತೇ, "ಆತುರ ಪಟ್ಟೆ. ನಿಮ್ಮ ಭುಜದ ಮಾತು ಕೇಳದೆ ನನ್ನ ಮಾತೇ ನಡೆಸಿಬಿಟ್ಟೆ," ಎಂದಳು. ಕೂರಲು ಹೇಳಿದೆ. ಕೈ ಎತ್ತಿ ತೋರಿಸಿ ಎಂದಳು. ತೋರಿಸಿದೆ. ಹುಬ್ಬಿನ ಮಟ್ಟಕ್ಕೆ ಬಂತು.

"ಇದು ಯಾರು ಮಾಡಿದ್ದು?"

"ನಮ್ಮತ್ತಿಗೆ."

"ಮನೇಲಿ ಯಾರೂ ಇಲ್ಲ ಅಂದಿದ್ರಿ?"

ಅತ್ತಿಗೆ ಅಡುಗೆಮನೆಯಿಂದ, "ನಾನು ಆಗ ಟಿಕೆಟ್ ಹರೀತಿದ್ದೆ," ಎಂದರು. ಫಿಸಿಯೊಗೆ ಅರ್ಥವಾಗಲಿಲ್ಲ. ನಾನು ವಿವರಿಸಲು ಹೋಗಲಿಲ್ಲ. ಮುಂದಿನ ವಾರದಿಂದ ಮತ್ತೆ ಹೋಗುತ್ತೇನೆ.

ಮೇ 8

ಅತ್ತಿಗೆಯ ನಡಿಗೆ ಸರಿಯಿಲ್ಲ. ಎಡಗಾಲಿನ ಮೇಲೆ ಭಾರ ಹಾಕುವುದಿಲ್ಲ. ಕುರ್ಚಿಯಿಂದ ಏಳುವ ಮೊದಲು ಮೇಜಿನ ಅಂಚನ್ನು ಹುಡುಕುತ್ತಾರೆ. ಬಚ್ಚಲುಮನೆಗೆ ಹೋಗುವಾಗ ಗೋಡೆಯ ಮೇಲೆ ಕೈಯಾಡಿಸುತ್ತ ಹೋಗುತ್ತಾರೆ, ಕತ್ತಲಲ್ಲಿ ಸ್ವಿಚ್ಚು ತಡಕುವವರ ಹಾಗೆ. ಒಂದೇ ಮನೆಯಲ್ಲಿದ್ದು ಇದನ್ನು ಈಗ ನೋಡುತ್ತಿದ್ದೇನೆ.

ನನ್ನ ಕೈ ಅವರ ತೊಡೆಯ ಮೇಲಿದ್ದಾಗ ಕೇಳಿದೆ. "ಯಾವಾಗ ಬಿದ್ರಿ?"

ಅವರ ಕಥೆ ಅರ್ಧಕ್ಕೆ ನಿಂತಿತು.

"ಚಳಿಗಾಲದಲ್ಲಿ. ಬಚ್ಚಲುಮನೇಲಿ."

"ನಾನೆಲ್ಲಿದ್ದೆ?"

"ನಿನ್ನ ಕೋಣೇಲೇ. ನೀನು ರೇಡಿಯೊ ಹಾಕ್ಕೊಂಡಿದ್ದೆ. ವಾರ್ತೆ ಬಂತು, ಆಮೇಲೆ ಸಂಗೀತ ಬಂತು, ಮತ್ತೆ ವಾರ್ತೆ ಬಂತು. ಅಷ್ಟು ಹೊತ್ತು ನಾನು ಒದ್ದೆ ನೆಲದ ಮೇಲೆ ಇದ್ದೆ. ಕೊನೆಗೆ ಬಕೆಟ್ಟು ಬೋರಲು ಹಾಕಿ, ಹೇಗೋ ಅದರ ಮೇಲೆ ಕೂತೆ."

"ಕರೀಬೇಕಿತ್ತು."

"ಕರೆದಿದ್ರೆ ನೀನು ಬರ್ತಿದ್ದೆ. ಎತ್ತುತ್ತಿದ್ದೆ. ಆಮೇಲೆ ಅವನಿಗೆ ಫೋನ್ ಮಾಡ್ತಿದ್ದೆ."

ಹೌದು, ಮಾಡುತ್ತಿದ್ದೆ.

"ಅವನು ಕಟ್ಟಿಸ್ತಿರೋ ಕೋಣೆಗೆ ಒಳಗಿಂದ ಚಿಲಕ ಇಲ್ಲವಂತೆ ಪುಟ್ಟಿ. ನಾನು ಬಿದ್ರೆ ಬೇಗ ಒಳಗೆ ಬರೋಕೆ ಅಂತ," ಎಂದರು. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಒಳ್ಳೇ ಹುಡುಗನೇ," ಎಂದರು.

ಅರ್ಧಕ್ಕೆ ನಿಂತ ಕಥೆ ಮುಂದುವರಿಯಲಿಲ್ಲ.

ಮೇ 16

ಅತ್ತಿಗೆಯನ್ನು ಫಿಸಿಯೊ ಬಳಿಗೆ ಕರೆದೊಯ್ದೆ. ಮೆಟ್ಟಿಲು ಹತ್ತುವಾಗ ಸೈಕಲ್ ಅಂಗಡಿಯವನು ಕೆಳಗಿನಿಂದ, "ಅಜ್ಜಿ, ಗಾಳಿ ತುಂಬಿಸ್ಬೇಕಾ?" ಎಂದ. "ನನಗಲ್ಲಪ್ಪ, ಇವಳಿಗೆ," ಎಂದು ನನ್ನನ್ನು ತೋರಿಸಿದರು.

ಸೊಂಟ, ಮೊಣಕಾಲು, ಪಾದದ ಕೀಲು ಎಲ್ಲವನ್ನೂ ಫಿಸಿಯೊ ಕೈಯಿಂದಲೇ ಒತ್ತಿ, ತಿರುಗಿಸಿ ನೋಡಿದಳು. ಕೂತು ಕೂತು ಸೊಂಟದ ಮುಂದಿನ ಸ್ನಾಯು ಗಿಡ್ಡವಾಗಿದೆ, ಪಾದ ಗಟ್ಟಿಯಾಗಿದೆ, ಅದಕ್ಕೇ ಆಯ ತಪ್ಪುತ್ತದೆ ಎಂದಳು. ಅಂಗಾಲನ್ನು ಒತ್ತಿ ತಿಕ್ಕಿದಾಗ ಅತ್ತಿಗೆ ಕಚಗುಳಿಯಾಗಿ ಕಿರುಚಿದರು.

ಆಮೇಲೆ ಚಾಪೆ ಹಾಸಿ, "ಮಲಕ್ಕೊಳ್ಳಿ. ಈಗ ಏಳಿ," ಎಂದಳು.

ಅತ್ತಿಗೆ ಮಲಗಿದರು. ಏಳಲು ತಲೆ ಎತ್ತಿದರು, ಕೈ ಚಾಚಿದರು, ಮತ್ತೆ ಬಿದ್ದರು. ಇನ್ನೊಮ್ಮೆ. ಬೆನ್ನ ಮೇಲೆ ಬಿದ್ದ ಜೀರುಂಡೆ ಹೀಗೆ ಮಾಡುತ್ತದೆ. ಕೊನೆಗೆ ಅವರು ಮೇಲ್ಚಾವಣಿಯನ್ನು ನೋಡುತ್ತ ಸುಮ್ಮನಾದರು. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು.

ಫಿಸಿಯೊ ನನ್ನ ಕಡೆ ತಿರುಗಿ, "ನೀವು?" ಎಂದಳು.

ಪಕ್ಕದಲ್ಲಿ ಮಲಗಿದೆ. ನನಗೂ ಏಳಲು ಬರಲಿಲ್ಲ. ಬಲಗೈ ಊರುವ ಹಾಗಿಲ್ಲ, ಎಡಗೈಗೆ ಅಭ್ಯಾಸವಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಅಂಗಾತ ಬಿದ್ದಿದ್ದೆವು.

"ನಿನಗೂ ಬರಲ್ವೇನೇ?" ಎಂದರು ಅತ್ತಿಗೆ.

"ಇಲ್ಲ."

"ಸದ್ಯ," ಎಂದರು.

ಜೂನ್ 3

ಏಳುವ ವಿಧಾನ, ಫಿಸಿಯೊ ಹೇಳಿದ್ದು: ಬಿದ್ದ ತಕ್ಷಣ ಏಳಲು ಹೋಗಬಾರದು. ಮೊದಲು ಎಲ್ಲಿ ನೋವಿದೆ ಎಂದು ಮೈಯನ್ನೇ ಕೇಳಬೇಕು. ಆಮೇಲೆ ಪಕ್ಕಕ್ಕೆ ಹೊರಳುವುದು. ಮೊಣಕೈ ಊರಿ, ಅಂಗೈ ಊರಿ, ಮಗುವಿನ ಹಾಗೆ ಅಂಬೆಗಾಲಿಗೆ ಬರುವುದು. ಹತ್ತಿರದ ಕುರ್ಚಿಯವರೆಗೆ ಹಾಗೇ ಹೋಗುವುದು. ಕುರ್ಚಿಯ ಮೇಲೆ ಕೈ, ಗಟ್ಟಿ ಕಾಲು ಮುಂದೆ, ಆಮೇಲೆ ಎದ್ದು ನಿಲ್ಲುವುದಲ್ಲ, ತಿರುಗಿ ಕೂರುವುದು.

ಬೆಳಿಗ್ಗೆ ಇಬ್ಬರೂ ಮುಂದಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತೇವೆ. ಅಲ್ಲಿ ಬೆಳಕು ಚೆನ್ನಾಗಿದೆ. ನೆಲದ ಮೇಲಿನಿಂದ ನೋಡಿದರೆ ಮಂಚದ ಕೆಳಗೆ ಎಷ್ಟು ಧೂಳಿದೆ ಎಂದು ಗೊತ್ತಾಗುತ್ತದೆ. ಗುಡಿಸಿದೆ. ಅಣ್ಣನ ಒಂದು ಚಪ್ಪಲಿ ಸಿಕ್ಕಿತು.

ಜೂನ್ 11

ಬಡಗಿ ಬಂದಿದ್ದ. ಕಪಾಟು ಬೇಡ, ಬಚ್ಚಲುಮನೆಯ ಗೋಡೆಗೆ ಗಟ್ಟಿಯಾದ ಎರಡು ಹಿಡಿಕೆ ಹಾಕಿಕೊಡು ಎಂದೆ. ಅಳತೆಗೆ ಮರ ಕೊಯ್ದಾಗಿದೆ ಎಂದು ಗೊಣಗಿದ. ಗೊಣಗಲಿ.

ಜೂನ್ 22

ಅತ್ತಿಗೆ ಇಂದು ಕುರ್ಚಿಯವರೆಗೆ ತಲುಪಿ, ಕೈಯಿಟ್ಟು, ಎದ್ದು, ತಿರುಗಿ ಕೂತರು. ಯಾರೂ ಮುಟ್ಟಲಿಲ್ಲ. ಕೂತ ಮೇಲೆ ಅತ್ತಿತ್ತ ನೋಡಿದರು, ಯಾರೋ ಎತ್ತಿ ಕೂರಿಸಿದ್ದಾರೇನೋ ಎಂಬಂತೆ.

ನನ್ನ ಭುಜದ ಬಗ್ಗೆ ಫಿಸಿಯೊ, "ಇನ್ನು ನೀವು ಬರೋದು ಬೇಡ," ಎಂದಳು. ಸ್ವಲ್ಪ ಬಿಗಿ ಉಳಿದಿದೆ, ತಾನಾಗಿ ಹೋಗುತ್ತದೆ. ಇನ್ನೂ ನೋವಿದೆ ಎಂದೆ. ಎಲ್ಲಿ ಎಂದಳು. ತೋರಿಸಲು ಹೋದೆ, ಜಾಗ ಸಿಗಲಿಲ್ಲ. ಆಕೆ ನಗಲಿಲ್ಲ. "ಶನಿವಾರ ವಯಸ್ಸಾದವರ ತರಗತಿ ಇದೆ. ನೆಲಕ್ಕೆ ಇಳಿಯೋಕೆ ಹೆದರೋರೇ ಎಲ್ಲ. ಪಕ್ಕದಲ್ಲಿ ಮಲಗೋಕೆ ಒಬ್ಬರು ಬೇಕು, ಬನ್ನಿ," ಎಂದಳು.

ನೋಡೋಣ ಎಂದಿದ್ದೇನೆ.

ಜೂನ್ 29

ತರಗತಿಗೆ ಹೋಗಿದ್ದೆ. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು ನೆಲದಿಂದ ಏಳುವಾಗ ನನ್ನ ಮೊಣಕೈ ಹಿಡಿದುಕೊಂಡು, "ಬಿಡಬೇಡಿ, ಬಿಡಬೇಡಿ," ಎಂದರು. ಬಿಡಲಿಲ್ಲ.

ಜುಲೈ 7

ಮಧ್ಯಾಹ್ನ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅತ್ತಿಗೆ ಅಡುಗೆಮನೆಯಲ್ಲಿ ಬಿದ್ದಿದ್ದಾರೆ.

ನಾನು ಬಾಗಿಲು ತೆಗೆದಾಗ ಊಟದ ಮೇಜಿನ ಬಳಿ ಕುರ್ಚಿಯಲ್ಲಿ ಕೂತಿದ್ದರು. ಗಲ್ಲದ ಮೇಲೆ ನೀಲಿ. ಸೀರೆಯ ಮೊಣಕಾಲಿನ ಭಾಗದಲ್ಲಿ ಹಾಲು.

"ಹಾಲು ಚೆಲ್ಲಿತ್ತು, ಕಾಣಲಿಲ್ಲ. ಜಾರಿತು," ಎಂದರು. "ಕೂತ್ಕೋ ಮೊದಲು. ಬಿಳುಚಿಕೊಂಡಿದೀಯ."

ಕೂರಲಿಲ್ಲ.

"ಬಿದ್ದ ತಕ್ಷಣ ಮೊದಲಿನ ಹಾಗೇ ಹೆದರಿಕೆ ಬಂತು. ಆಮೇಲೆ ಅವಳು ಹೇಳಿದ್ದು ನೆನಪಾಯ್ತು. ಮೈ ಕೇಳಿದೆ. ಸೊಂಟ ಸ್ವಲ್ಪ ಬೈತು, ಉಳಿದೋರು ಸುಮ್ಮನಿದ್ರು. ಹೊರಳಿದೆ. ಒಲೆ ಹತ್ತಿರ ಹಿಡ್ಕೊಳ್ಳೋಕೆ ಏನೂ ಇಲ್ಲ ಪುಟ್ಟಿ, ಇಲ್ಲಿವರೆಗೂ ಅಂಬೆಗಾಲಲ್ಲೇ ಬಂದೆ. ನಡುವೆ ಒಂದು ಕಡೆ ಸುಸ್ತಾಗಿ ಮಲಗಿದೆ. ಮತ್ತೆ ಹೊರಟೆ."

ಗಲ್ಲ, ಮಣಿಕಟ್ಟು, ಪಕ್ಕೆ, ಸೊಂಟ, ಮೊಣಕಾಲು, ಒಂದೊಂದನ್ನೂ ಒತ್ತಿ ನೋಡಿದೆ. ಎಲ್ಲಿ ಒತ್ತಿದರೆ ಮುಖ ಬದಲಾಗುತ್ತದೆ ಎಂದು ನೋಡುತ್ತಿದ್ದೆ. ಸೊಂಟದಲ್ಲಿ ಬದಲಾಯಿತು.

"ಮುರಿದಿದ್ಯೇನೇ?" ಎಂದರು.

"ಚಿತ್ರ ತೆಗೆಸೋಣ," ಎಂದೆ.

ಟ್ಯಾಕ್ಸಿ ಕರೆದು ಆಸ್ಪತ್ರೆಗೆ ಹೋದೆವು. ನನ್ನ ಹಳೆಯ ವಿಭಾಗ. ಯಂತ್ರ ಹೊಸದು, ಗೋಡೆಯ ಬಣ್ಣ ಹಳೆಯದೇ. ಅತ್ತಿಗೆಯನ್ನು ಮಲಗಿಸಿ, ಪಾದವನ್ನು ಒಳಕ್ಕೆ ತಿರುಗಿಸಿ ಸರಿ ಮಾಡಿದೆ. ಟೆಕ್ನಿಷಿಯನ್, "ಈ ಕಡೆ ಬನ್ನಿ ಮೇಡಂ," ಎಂದಳು. ಚಿತ್ರ ತೆಗೆಯುವಾಗ ಗೋಡೆಯ ಹಿಂದಕ್ಕೆ ಹೋಗಬೇಕು, ಗಾಜಿನ ಕಿಂಡಿಯಿಂದ ನೋಡಬೇಕು. ಅಷ್ಟು ವರ್ಷ ಹಾಗೇ ನೋಡಿದ್ದೇನೆ.

ಕಿರಣ ತಡೆಯುವ ಸೀಸದ ಏಪ್ರನ್ ಕೊಡಿ ಎಂದೆ. ಹಾಕಿಕೊಂಡು ಅತ್ತಿಗೆಯ ತಲೆಯ ಬಳಿ ನಿಂತು ಕೈ ಹಿಡಿದುಕೊಂಡೆ. ಅಲುಗಿದರೆ ಚಿತ್ರ ಕೆಡುತ್ತದೆ, ಅದಕ್ಕೆ. ಸೊಂಟದ ಚಿತ್ರಕ್ಕೆ ಕೈ ಅಲುಗಿದರೇನು ಎಂದು ಟೆಕ್ನಿಷಿಯನ್ ಕೇಳಲಿಲ್ಲ.

ಮೂಳೆ ಮುರಿದಿಲ್ಲ. ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಮುರಿದಿಲ್ಲ.

ಜುಲೈ 8

ಅಣ್ಣನ ಮಗನಿಗೆ ಫೋನ್ ಮಾಡಲಿಲ್ಲ.

ಜುಲೈ 19

ಅವನೇ ಬಂದ. ಕೋಣೆ ಮುಗಿದಿದೆ, ಬಣ್ಣವೂ ಆಗಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಬಂದಿದ್ದ. ತಾಯಿಯ ಸಾಮಾನು ಹಾಕಲು ಹಿಂದಿನ ಸೀಟನ್ನು ಮಡಚಿದ್ದ. ಒಳಗೆ ಬಂದವನೇ ತಾಯಿಯ ಗಲ್ಲದ ಹಳದಿ ಕಲೆ ನೋಡಿದ.

"ಏನಮ್ಮ ಇದು?"

"ಬಿದ್ದೆ."

"ಯಾವಾಗ? ಅತ್ತೆ, ನೀವು ಹೇಳಲೇ ಇಲ್ಲ!" ಅವನ ಧ್ವನಿ ಏರಿತು. "ಇದಕ್ಕೇ ನಾನು ಬಡ್ಕೊಂಡಿದ್ದು. ನೀವೂ ಒಪ್ಪಿದ್ರಲ್ಲ? ಒಳ್ಳೇದು, ಹಾಗೇ ಮಾಡು ಅಂತ ನೀವೇ ಅಂದ್ರಿ."

"ಒಪ್ಪಿದ್ದೆ," ಎಂದೆ. "ಆಗ ಇವರಿಗೆ ಏಳೋಕೆ ಬರ್ತಿರಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಅತ್ತಿಗೆ ಕುರ್ಚಿಯಿಂದ ಎದ್ದು, ಒಂದು ಮಂಡಿ ಊರಿ, ಇನ್ನೊಂದು ಊರಿ, ನಿಧಾನವಾಗಿ ನೆಲದ ಮೇಲೆ ಅಂಗಾತ ಮಲಗಿದರು. ಮಗ ಹೌಹಾರಿ ಮುಂದಕ್ಕೆ ಬಂದ. ನಾನು ಬಲಗೈ ಅಡ್ಡ ಹಿಡಿದೆ.

"ಮುಟ್ಟಬೇಡ."

"ಅತ್ತೆ, ಅಮ್ಮ..."

"ಮುಟ್ಟಬೇಡ ಅಂದೆನಲ್ಲ. ನೋಡು."

ಅತ್ತಿಗೆ ಹೊರಳಿದರು. ಮೊಣಕೈ ಊರಿದರು. ಅಂಬೆಗಾಲಿಗೆ ಬರುವಾಗ ಒಮ್ಮೆ ಮಂಡಿ ಜಾರಿತು. ಅವನ ಎದೆ ನನ್ನ ತೋಳಿಗೆ ಬಂದು ತಾಗಿತು, ನಾನು ಕೈ ಇಳಿಸಲಿಲ್ಲ. ಅತ್ತಿಗೆ ಅಂಬೆಗಾಲಲ್ಲೇ ತಡೆದು ಉಸಿರು ತೆಗೆದುಕೊಂಡರು. ಮಗನ ಶೂಗಳ ಪಕ್ಕದಿಂದ ಹಾದು ಕುರ್ಚಿಯ ಬಳಿ ಹೋದರು. ಕೈಯಿಟ್ಟು, ಕಾಲು ಮುಂದಿಟ್ಟು, ಎದ್ದು, ತಿರುಗಿ ಕೂತರು. ಕೂದಲು ಮುಖದ ಮೇಲೆ ಬಿದ್ದಿತ್ತು.

"ನಿನ್ನ ಕಾರಲ್ಲಿ ಕಲಿಯೋರ ಪಕ್ಕ ನಿನಗೊಂದು ಬ್ರೇಕ್ ಇದೆಯಲ್ಲ," ಎಂದರು ಏದುಸಿರು ಬಿಡುತ್ತ. "ಅವರು ಓಡಿಸೋದು ಕಲಿತ ಮೇಲೂ ಅದನ್ನ ತುಳೀತಾನೇ ಇರ್ತೀಯಾ?"

"ಮತ್ತೆ ಬಿದ್ದು ಮೂಳೆ ಮುರಿದ್ರೆ ಅಮ್ಮ?"

"ಮುರಿದ್ರೆ ಮುರಿಯುತ್ತೆ. ನಿನ್ನ ಮನೆ ನೆಲ ಏನು ಹತ್ತೀಲಿ ಮಾಡಿದ್ದಾ?"

ಅವನು ಸೋಫಾದ ಮೇಲೆ ಕುಸಿದು ಕೂತ. "ನಿನಗೋಸ್ಕರ ಕಟ್ಟಿಸಿದೆ," ಎಂದ. ಚಿಕ್ಕವನಿದ್ದಾಗಲೂ ಅಳು ಬಂದರೆ ಹೀಗೇ ಕೆಳತುಟಿ ಕಚ್ಚುತ್ತಿದ್ದ.

ಅತ್ತಿಗೆ ಅವನ ಪಕ್ಕಕ್ಕೆ ಹೋಗಿ ಕೂತರು. "ಬರ್ತೀನಿ ಕಣೋ. ನಾಲ್ಕು ದಿನ ಉಳ್ಕೊಳ್ಳೋಕೆ ಬರ್ತೀನಿ. ಇರೋಕಲ್ಲ. ಒಂದು ಚಿಲಕ ಹಾಕಿಸು ಬಾಗಿಲಿಗೆ."

ಅವನು ನೆಲ ನೋಡುತ್ತ, "ಅದೇನು, ಅಷ್ಟು ಕಷ್ಟಾನಾ?" ಎಂದ.

"ಮಲಕ್ಕೊಂಡು ನೋಡು," ಎಂದೆ.

ನಲವತ್ತೇಳು ವರ್ಷದವನು, ದಿನವಿಡೀ ಸೀಟಿನಲ್ಲೇ ಇರುವವನು, ಬೆಲ್ಟು ಸಡಿಲಿಸಿ ಮಲಗಿದ. ಏಳಲು ಒಮ್ಮೆ ಒದ್ದಾಡಿದ, ಇನ್ನೊಮ್ಮೆ ಒದ್ದಾಡಿದ. ಮೂರನೆಯ ಸಲ ಸೋಫಾದ ಕಾಲು ಹಿಡಿದುಕೊಂಡ. ಅತ್ತಿಗೆ ಮುಂದಕ್ಕೆ ಬಾಗಿ, "ಅದನ್ನ ಬಿಡು, ಮೋಸ," ಎಂದರು.

ಸಂಜೆ ಹೊರಟ. ಮಡಚಿದ್ದ ಸೀಟನ್ನು ಎತ್ತಿ ನಿಲ್ಲಿಸಿದ. ಹೊರಡುವ ಮೊದಲು ಬಚ್ಚಲುಮನೆಗೆ ಹೋಗಿ ಗೋಡೆಯ ಹಿಡಿಕೆಗಳನ್ನು ಎರಡು ಕೈಯಲ್ಲೂ ಜಗ್ಗಿ ನೋಡಿ ಬಂದ.

ಜುಲೈ 20

ಬೆಳಿಗ್ಗೆ ಫೋನ್ ಬಂತು. ಅಣ್ಣನ ಮಗ.

"ಅತ್ತೆ, ಹಾಸಿಗೆಯಿಂದ ಏಳೋಕೆ ಆಗ್ತಿಲ್ಲ. ನಿನ್ನೆ ನೆಲದ ಮೇಲೆ ಹೊರಳಾಡಿದ್ದಕ್ಕೆ ಸೊಂಟ ಹಿಡ್ಕೊಂಡಿದೆ. ಕಲಿಯೋರು ಕೆಳಗೆ ಕಾಯ್ತಿದಾರೆ."

ಅತ್ತಿಗೆಗೆ ಕೊಟ್ಟೆ. ಅವರು ಟೀ ಲೋಟ ಕೆಳಗಿಟ್ಟು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕಾಯಲಿ ಬಿಡು. ಮೊದಲು ಎಲ್ಲಿ ನೋವಿದೆ ಕೇಳು. ನನ್ನನ್ನಲ್ಲ, ಮೈಯನ್ನ. ಈಗ ಪಕ್ಕಕ್ಕೆ ಹೊರಳು. ಎಡಕ್ಕೋ ಬಲಕ್ಕೋ, ನಿನ್ನಿಷ್ಟ. ನಿಧಾನ. ಹೊರಳಿದ್ಯಾ?"

"ಮಂಡಿ ಮಡಚೋಕೆ ಹೇಳಿ," ಎಂದೆ ನಾನು.

"ಮಂಡಿ ಮಡಚಬೇಕಂತೆ, ನಿಮ್ಮತ್ತೆ ಹೇಳ್ತಿದಾಳೆ. ಹಾಂ. ಈಗ ಮೊಣಕೈ. ಅಯ್ಯೋ, ಕೂಗಬೇಡ್ವೋ, ಕಲಿಯೋರು ಕೇಳಿಸ್ಕೊಳ್ತಾರೆ."

ಅವನು ಎದ್ದು ಕೂತ ಸದ್ದು ನನಗೂ ಕೇಳಿಸಿತು. ಫೋನ್ ಇಟ್ಟ ಮೇಲೆ ಅತ್ತಿಗೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನಗೆ ನಗು ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ. ಬಂತು.